ತಿಂದದ್ದು ಎಲ್ಲಿ ಹೋಗುತ್ತದೆ

ಭಾಗಾಕಾರದ ಲೆಕ್ಕಗಳನ್ನು ಅರ್ಧ ಹಲಗೆ ತುಂಬಿಸುವ ಹೊತ್ತಿಗೆ ಅವಳ ಕೈಯಲ್ಲಿದ್ದ ಸೀಮೆಸುಣ್ಣ ಸವೆದು ಉಗುರಿನಷ್ಟಾಗಿತ್ತು. ಅಷ್ಟಾದ ಮೇಲೆ ಅದರಲ್ಲಿ ಬರೆಯಲು ಬರುವುದಿಲ್ಲ, ಬೆರಳ ತುದಿಯೇ ಹಲಗೆಗೆ ಉಜ್ಜುತ್ತದೆ. ಬೇರೆ ಟೀಚರುಗಳು ಅಂಥ ಚೂರನ್ನು ಕಿಟಕಿಯಿಂದಾಚೆ ಎಸೆಯುತ್ತಾರೆ, ಇಲ್ಲವಾದರೆ ಹಿಂದಿನ ಬೆಂಚಿನಲ್ಲಿ ಹರಟುವವರ ತಲೆಗೆ ಗುರಿ ಇಡುತ್ತಾರೆ. ಅವಳು ಕೆಲವು ತಿಂಗಳಿಂದ ಒಂದು ಚೂರನ್ನೂ ಎಸೆದವಳಲ್ಲ. ತರಗತಿಗೆ ಬೆನ್ನು ಮಾಡಿ ನಿಂತು, ಮುಂದಿನ ಅಂಕಿ ಯೋಚಿಸುವವಳಂತೆ ತಲೆ ತಗ್ಗಿಸಿ, ಮೆಲ್ಲಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾಲಿಗೆಯ ಮೇಲೆ ಅದು ಮೊದಲು ಒಣಗಿ ಅಂಟಿಕೊಂಡು, ಆಮೇಲೆ ಹಿಟ್ಟಾಗಿ ಕರಗುವಾಗ ಮೈಯೆಲ್ಲ ಒಮ್ಮೆ ಹಗುರಾದಂತಾಗುತ್ತಿತ್ತು.

ಇವತ್ತು ಚೂರನ್ನು ಬೆರಳಲ್ಲಿ ಹಿಡಿದುಕೊಂಡೇ ನಿಂತಳು. ಬಾಯಲ್ಲಿ ನೀರೂರಿತು. ಉಗುಳು ನುಂಗಿಕೊಂಡು ಅದನ್ನು ಹಲಗೆಯ ಕೆಳಗಿನ ಪಟ್ಟಿಯ ಮೇಲಿಟ್ಟು, ಹೊಸದೊಂದನ್ನು ಡಬ್ಬಿಯಿಂದ ತೆಗೆದಳು.

"ಮೇಡಂ, ಆ ಲೆಕ್ಕ ಆಗಲೇ ಬರೆದಿದೀರ," ಎಂದು ಮುಂದಿನ ಸಾಲಿನ ಹುಡುಗಿ ಹೇಳಿದಳು.

ನೋಡಿದರೆ ಹೌದು. ಒಂದೇ ಲೆಕ್ಕವನ್ನು ಒಂದರ ಕೆಳಗೊಂದು ಬರೆದಿದ್ದಳು. "ಎರಡು ಸಲ ಮಾಡಿ, ಮರೆಯಲ್ಲ," ಎಂದು ಕುರ್ಚಿಗೆ ಬಂದು ಕೂತಳು. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿಕೊಂಡಿತ್ತು. ಬಿಚ್ಚಿದರೆ ಮತ್ತೆ ಹಾಕಿಕೊಳ್ಳಲು ಬಗ್ಗಬೇಕಲ್ಲ ಎಂದು ಹಾಗೇ ಬಿಟ್ಟಳು.

ಬಸಿರಿನ ಮೂರನೇ ತಿಂಗಳಲ್ಲಿ ಶುರುವಾದ ಚಟ ಅದು. ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿದಾಗ ಏಳುವ ವಾಸನೆಗೆ ಒಂದು ದಿನ ಇದ್ದಕ್ಕಿದ್ದಂತೆ ಹಸಿವಾಗಿತ್ತು. ಮೊದಲು ಒಂದು ಚೂರು, ಆಮೇಲೆ ಇಡೀ ತುಂಡು, ಆಮೇಲೆ ಕೈಚೀಲದ ಪಕ್ಕದ ಜಿಪ್ಪಿನಲ್ಲಿ ದಾಸ್ತಾನು. ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಟೀಚರ್ ಒಮ್ಮೆ ಖಾಲಿ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಏನ್ ಮೇಡಂ, ಚಿತ್ರ ಬಿಡಿಸೋಳು ನಾನು, ಚಾಕ್‌ಪೀಸ್ ಖಾಲಿ ಆಗೋದು ನಿಮ್ಮ ಕ್ಲಾಸಲ್ಲಿ. ಗೋಡೆಗೆ ಬಳಿತಿದೀರಾ, ಇಲ್ಲ ಊಟ ಮಾಡ್ತಿದೀರಾ?" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಬಾಯಿ ತೆರೆದರೆ ಬಿಳಿ ನಾಲಿಗೆ ಕಂಡೀತೆಂದು ತುಟಿ ಮುಚ್ಚಿಕೊಂಡೇ ನಕ್ಕಿದ್ದಳು.

ಮದುವೆಯಾಗಿ ಎಷ್ಟೋ ವರ್ಷವಾಗಿ, ಕೇಳುವವರೂ ಕೇಳಿ ಕೇಳಿ ಸುಸ್ತಾಗಿ ಬಿಟ್ಟ ಮೇಲೆ ನಿಂತ ಬಸಿರು ಇದು. ಅದಕ್ಕೇ ಮನೆಯಲ್ಲಿ ಅವಳನ್ನು ನೆಲದ ಮೇಲೆ ನಡೆಯಲು ಬಿಡುತ್ತಿರಲಿಲ್ಲ ಎನ್ನಬಹುದು. ಅತ್ತೆ ದಿನಾ ಬೆಳಗ್ಗೆ ಹಾಲಿನ ಲೋಟ ಹಿಡಿದು ಎದುರಿಗೇ ನಿಲ್ಲುತ್ತಿದ್ದರು, ತಳ ಕಾಣುವ ತನಕ ಕದಲುತ್ತಿರಲಿಲ್ಲ. ಗಂಡ ಮೆಟ್ಟಿಲಿಳಿಯುವಾಗ ಮೊಣಕೈ ಹಿಡಿದುಕೊಳ್ಳುತ್ತಿದ್ದ. ಬೇರೆ ಊರಿನಲ್ಲಿರುವ ನಾದಿನಿ ಫೋನಿನಲ್ಲೇ ಊಟದಿಂದ ಹಿಡಿದು ಮಲಗುವ ಮಗ್ಗುಲವರೆಗೆ ಎಲ್ಲವನ್ನೂ ನಿರ್ದೇಶಿಸುತ್ತಿದ್ದಳು. ಯಾವ ಕಾಯಿಲೆಯ ಹೆಸರು ಹೇಳಿದರೂ ಅರ್ಧ ಗಂಟೆಯಲ್ಲಿ ಓದಿ ಮುಗಿಸಿ ತಿರುಗಿ ಫೋನ್ ಮಾಡುತ್ತಿದ್ದುದರಿಂದ ಗಂಡನೇ ತನ್ನ ಈ ತಂಗಿಗೆ 'ವಿಶ್ವಕೋಶ' ಎಂದು ಹೆಸರಿಟ್ಟಿದ್ದ.

ಹೋದ ವಾರದ ಸ್ಕ್ಯಾನಿಗೆ ಗಂಡ ಹೆಂಡತಿ ನಗುನಗುತ್ತಲೇ ಹೋಗಿದ್ದರು. ಕತ್ತಲೆ ಕೋಣೆ, ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ. ಡಾಕ್ಟರು ಮಾತಿನ ಹೆಂಗಸು. "ಇದು ಕೈ, ಇದು ಬೆನ್ನುಮೂಳೆ, ನೋಡಿ ಎಷ್ಟು ಚೆಂದ ಕಾಲು ಮಡಚಿಕೊಂಡಿದೆ," ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ಆ ಮೌನ ಅವಳಿಗೆ ಚೆನ್ನಾಗಿ ಗೊತ್ತು. ಉತ್ತರಪತ್ರಿಕೆ ತಿದ್ದುವಾಗ ಒಳ್ಳೆಯ ಹುಡುಗಿಯ ಹಾಳೆಯಲ್ಲಿ ತಪ್ಪು ಸಿಕ್ಕರೆ ಅವಳೂ ಹೀಗೇ ಸುಮ್ಮನಾಗುತ್ತಾಳೆ, ತಿರುಗಿ ಮೊದಲಿಂದ ನೋಡುತ್ತಾಳೆ.

"ನೋಡಿಮ್ಮಾ," ಎಂದರು ಡಾಕ್ಟರು ಕೊನೆಗೆ, ಪರದೆಯನ್ನು ಅವಳ ಕಡೆ ತಿರುಗಿಸಿ. "ಇದು ಮಗುವಿನ ಲಿವರ್. ಇಲ್ಲಿ ಬಿಳಿ ಚುಕ್ಕೆ ಕಾಣ್ತಿದೆಯಲ್ಲ, ಇಲ್ಲೊಂದು, ಇಲ್ಲೊಂದು. ಕ್ಯಾಲ್ಸಿಯಂ ಕೂತಿರೋದು. ಗಾಬರಿ ಬೇಡ. ಉಳಿದದ್ದೆಲ್ಲ ಚೆನ್ನಾಗಿದೆ. ಮೆದುಳು, ಹೃದಯ, ಕಿಡ್ನಿ, ಬೆಳವಣಿಗೆ, ಏನೂ ತೊಂದರೆ ಕಾಣ್ತಿಲ್ಲ."

"ಯಾಕೆ ಬರುತ್ತೆ ಡಾಕ್ಟ್ರೇ ಇದು?" ಎಂದ ಗಂಡ. ಅವಳ ಕೈಚೀಲ ಅವನ ತೊಡೆಯ ಮೇಲಿತ್ತು.

"ಕೆಲವು ಸಲ ತಾಯಿಗೆ ಯಾವುದೋ ಸೋಂಕು ಬಂದು ಹೋಗಿರುತ್ತೆ, ಗೊತ್ತೇ ಆಗಿರಲ್ಲ. ಕೆಲವು ಸಲ ಅಲ್ಲಿಗೆ ರಕ್ತ ಸರಿಯಾಗಿ ಹರಿದಿರಲ್ಲ. ಅಪರೂಪಕ್ಕೆ ವರ್ಣತಂತುಗಳ ದೋಷ ಇರಬಹುದು. ಎಷ್ಟೋ ಸಲ ಕಾರಣವೇ ಸಿಗಲ್ಲ, ಮಗು ಆರೋಗ್ಯವಾಗಿ ಹುಟ್ಟಿ ಓಡಾಡ್ಕೊಂಡಿರುತ್ತೆ. ಸೋಂಕಿಗೆ ಇವತ್ತೇ ರಕ್ತ ಕೊಟ್ಟು ಹೋಗಿ. ವರ್ಣತಂತು ನೋಡಬೇಕಾದ್ರೆ ಹೊಟ್ಟೆಗೆ ಸಣ್ಣ ಸೂಜಿ ಹಾಕಿ ಮಗುವಿನ ಸುತ್ತ ಇರೋ ನೀರು ತೆಗೆದು ಪರೀಕ್ಷೆ ಮಾಡ್ಬೇಕು. ಅದರಿಂದ ಬಸಿರಿಗೇ ತೊಂದರೆ ಆಗೋದು ನೂರಾರು ಜನರಲ್ಲಿ ಎಲ್ಲೋ ಒಬ್ಬರಿಗೆ. ಆದ್ರೂ ಹೇಳೋದು ನನ್ನ ಧರ್ಮ. ಯೋಚನೆ ಮಾಡಿ."

ಕಾರಣ ಸಿಗುವುದಿಲ್ಲ ಎಂದರು ಡಾಕ್ಟರು. ಕಾರಣ ಅಲ್ಲೇ ಇತ್ತು, ಗಂಡನ ತೊಡೆಯ ಮೇಲೆ, ಚೀಲದ ಪಕ್ಕದ ಜಿಪ್ಪಿನಲ್ಲಿ. ಆ ಚುಕ್ಕೆಗಳೂ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಒತ್ತಿ ಇಟ್ಟ ಚುಕ್ಕೆಗಳ ಹಾಗೇ ಇದ್ದವು. ತಾನು ತಿಂದ ಒಂದೊಂದು ಚೂರೂ ಹೋಗಿ ಮಗುವಿನ ಲಿವರಿನಲ್ಲಿ ಕೂತಿದೆ. ಬಾಯಿ ಬಿಟ್ಟು ಹೇಳಬೇಕಿತ್ತು. "ಡಾಕ್ಟ್ರೇ, ನಾನು..." ಎಂದಳು. ಗಂಡ ತಿರುಗಿ ನೋಡಿದ. "ನಾನು ಟಿಶ್ಯೂ ತಗೋತೀನಿ," ಎಂದು ಹೊಟ್ಟೆ ಒರೆಸಿಕೊಂಡಳು.

ಆ ದಿನದಿಂದ ಮನೆಯಲ್ಲಿ ಎಲ್ಲರೂ ಪಿಸುದನಿಯಲ್ಲಿ ಮಾತಾಡತೊಡಗಿದರು, ಹೊಟ್ಟೆಯೊಳಗಿನದಕ್ಕೆ ಕೇಳಿಸೀತು ಎನ್ನುವ ಹಾಗೆ. ನಾದಿನಿಯ ದನಿ ಮಾತ್ರ ಸ್ಪೀಕರಿನಲ್ಲಿ ಇಡೀ ಮನೆ ತುಂಬುತ್ತಿತ್ತು.

"ಅತ್ತಿಗೆ, ನಾನು ಎಲ್ಲಾ ಓದಿದೆ. ಬರೀ ಚುಕ್ಕೆ ಒಂದೇ ಇದ್ರೆ ಬಹಳ ಮಟ್ಟಿಗೆ ಏನೂ ಆಗಲ್ಲ. ಆದ್ರೂ ಸೂಜಿ ಟೆಸ್ಟ್ ಮಾಡಿಸಿಬಿಡಿ. ಒಂದ್ಸಲ ಗೊತ್ತಾಗಿಬಿಟ್ರೆ ನಿಶ್ಚಿಂತೆ."

"ಏನು ಗೊತ್ತಾಗಬೇಕು?" ಎಂದರು ಅತ್ತೆ ಅಡುಗೆಮನೆಯಿಂದ.

"ಏನೋ ಒಂದು ಗೊತ್ತಾಗುತ್ತಲ್ಲಮ್ಮಾ!"

"ಗೊತ್ತಾಗಿ ನಾನೇನು ಪರೀಕ್ಷೆಗೆ ಕೂರ್ಬೇಕಾ? ಸುಮ್ನಿರೇ."

ಗಂಡ ಒಳ್ಳೆಯವನು. ಒಂದು ಮಾತು ಗಟ್ಟಿಯಾಗಿ ಆಡಿದವನಲ್ಲ. ಆದರೆ ದಿನಾ ಸಂಜೆ ಅವನು ಬಂದು ಪಕ್ಕ ಕೂತು, ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ನಿನ್ನಿಷ್ಟ. ನೀನು ಹೇಗೆ ಹೇಳಿದ್ರೂ ನನಗೆ ಒಪ್ಪಿಗೆ," ಎನ್ನುವಾಗ ಅವಳಿಗೆ ಆ ಕೈ ಕೊಡವಿಕೊಂಡು ಎದ್ದು ಹೋಗಬೇಕೆನಿಸುತ್ತಿತ್ತು. ಭಾರದ ಗೋಣಿಯನ್ನು ಬಹಳ ಮರ್ಯಾದೆಯಿಂದ ಅವಳ ತಲೆಯ ಮೇಲಿಟ್ಟು, ತಾನು ಬಾಗಿಲು ತೆರೆದು ಹಿಡಿದಂತೆ.

"ನೀವೇನಂತೀರಿ? ನಿಮಗೇನನ್ಸುತ್ತೆ?" ಎಂದು ಒಂದು ಸಲ ಪಟ್ಟು ಹಿಡಿದು ಕೇಳಿದಳು.

"ನನಗನ್ಸೋದಕ್ಕೇನು, ಮೈ ನಿಂದಲ್ವಾ? ಸೂಜಿ ನನಗೆ ಚುಚ್ಚೋದಾದ್ರೆ ಈಗಲೇ ಚುಚ್ಚಿ ಅಂದ್ಬಿಡ್ತಿದ್ದೆ."

"ಹಲ್ಲಿನ ಡಾಕ್ಟರ ಹತ್ರ ಹೋಗೋಕೆ ಆರು ತಿಂಗಳಿಂದ ಹಿಂದೆ ಮುಂದೆ ನೋಡ್ತಿದೀರಿ."

ಅವನು ನಕ್ಕ. ಅವಳಿಗೂ ನಗು ಬಂತು. ಆ ನಗು ತಿರುಗಿ ಅಳುವಾಗುವ ಮೊದಲೇ ಎದ್ದು ಬಚ್ಚಲಿಗೆ ಹೋದಳು.

ಅವಳನ್ನು ಇದೆಲ್ಲಕ್ಕಿಂತ ಹೆಚ್ಚು ಹಿಂಡಿದ್ದು ಅತ್ತೆ. ಬೆಳಗಿನ ಹಾಲು ಬಂದೇ ಬರುತ್ತಿತ್ತು. ಆದರೆ ಅವರು ಈಗ ಎದುರಿಗೆ ನಿಲ್ಲುತ್ತಿರಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟು, ಮುಖ ನೋಡದೆ ಒಳಗೆ ಹೋಗಿಬಿಡುತ್ತಿದ್ದರು. ಊಟದ ಮೇಜಿನ ಮೂಲೆಯಲ್ಲಿ ಕ್ಯಾಲ್ಸಿಯಂ ಮಾತ್ರೆಗಳ ಡಬ್ಬಿ ಇರುತ್ತಿತ್ತು, ಅದೂ ಕಾಣಿಸಲಿಲ್ಲ. ಚೀಲದ ಜಿಪ್ಪಿನಲ್ಲಿ ಏನಾದರೂ ಕೈಯಾಡಿಸಿದರೇ? ಒಗೆಯಲು ಹಾಕಿದ ಬಟ್ಟೆಯ ಜೇಬಿನಲ್ಲಿ ಬಿಳಿ ಪುಡಿ ಕಂಡರೇ? ಗೊತ್ತಿದ್ದೂ ಬಾಯಿ ಬಿಡದೆ ತನ್ನನ್ನು ಸುಡುತ್ತಿದ್ದಾರೆ ಎಂದುಕೊಂಡಳು. ಬೈದುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಬೈಗುಳವನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ಮುಖ ತಿರುಗಿಸಿದ್ದನ್ನು ಎಲ್ಲಿ ಹಾಕಿಕೊಳ್ಳುವುದು?

ಆಗಲೇ ಅವಳು ಮನಸ್ಸಿನಲ್ಲಿ ಸೂಜಿಯ ಕಡೆ ವಾಲಿದ್ದಳು. ಚುಚ್ಚಲಿ, ನೋಯಲಿ. ಏನಿದೆಯೋ ಅದು ಹೊರಗೆ ಬರಲಿ. ವರ್ಣತಂತುಗಳದ್ದೇ ತಪ್ಪು ಎಂದು ಬಂದರೆ ತಾನು ಪಾರು. ಹೀಗೆ ಅನ್ನಿಸಿದ ಮರುಕ್ಷಣವೇ, ತನ್ನ ತಲೆ ಉಳಿಸಿಕೊಳ್ಳಲು ಮಗುವಿಗೆ ಎಂಥದ್ದನ್ನು ಬಯಸಿದೆ ಎಂದು ಹೆದರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ರಕ್ತದ ವರದಿ ಕೇಳಲು ಹೋದ ದಿನ ಆಸ್ಪತ್ರೆಯ ಸಾಲು ಬಾಗಿಲವರೆಗೆ ಇತ್ತು. ಒಳಗೆ ಕರೆದಾಗ ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಸೋಂಕು ಯಾವುದೂ ಇಲ್ಲ ಎಂದರು. ಗಂಡ ಉಸಿರು ಬಿಟ್ಟ ಸದ್ದು ಅವಳಿಗೆ ಕೇಳಿಸಿತು.

"ರೀ, ಸ್ವಲ್ಪ ನೀರು ತರ್ತೀರಾ? ಹೊರಗಿಂದ," ಎಂದಳು.

"ಇಲ್ಲೇ ಇದೆಯಲ್ಲ," ಎಂದು ಅವನು ಡಾಕ್ಟರ ಮೇಜಿನ ಮೇಲಿನ ಲೋಟ ತೋರಿಸಿದ.

"ತಣ್ಣಗಿರೋದು ಬೇಕು."

ಬಾಗಿಲು ಮುಚ್ಚಿಕೊಂಡ ಕೂಡಲೇ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಡಾಕ್ಟ್ರೇ, ನಾನು ಚಾಕ್‌ಪೀಸ್ ತಿಂತಿದ್ದೆ. ದಿನಾ. ಬಹಳ. ಅದೇ ಹೋಗಿ ಅಲ್ಲಿ ಕೂತಿದೆ ಅಲ್ವಾ?"

ಡಾಕ್ಟರು ನಗಲಿಲ್ಲ. ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು.

"ಯಾವ ಕ್ಲಾಸಿಗೆ ಪಾಠ ಮಾಡ್ತೀರಿ?"

"ಐದನೇ ಕ್ಲಾಸು."

"ಅಲ್ಲಿ ಜೀರ್ಣಾಂಗದ ಪಾಠ ಇದೆ ತಾನೇ? ನೀವು ತಿಂದದ್ದು ನಿಮ್ಮ ಹೊಟ್ಟೆಗೆ ಹೋಗುತ್ತೆ. ಅಲ್ಲಿಂದ ಸುಣ್ಣದ ಚೂರು ನಡ್ಕೊಂಡು ಮಗುವಿನ ಲಿವರ್‌ಗೆ ಹೋಗಿ ಕೂರಲ್ಲ. ಅದು ಬೇರೆ, ಇದು ಬೇರೆ. ಚಾಕ್‌ಪೀಸ್ ಬಿಡಿ, ಯಾಕಂದ್ರೆ ನಿಮ್ಮ ಹೊಟ್ಟೆ ಕೆಡುತ್ತೆ. ಆಸೆ ಆಗೋದು ನಿಮಗೆ ರಕ್ತ ಕಮ್ಮಿ ಇರೋದಕ್ಕೆ. ಕಬ್ಬಿಣದ ಮಾತ್ರೆ ಬರೆದುಕೊಡ್ತೀನಿ, ತಪ್ಪಿಸಬೇಡಿ."

"ಹಾಗಾದ್ರೆ ನಾನಲ್ವಾ?"

"ನೀವಲ್ಲ. ಈ ಕುರ್ಚಿ ಮೇಲೆ ಕೂತು ಎಲ್ಲರೂ ಇದನ್ನೇ ಕೇಳ್ತಾರೆ. ಒಬ್ಬಳು ಮಹಡಿ ಹತ್ತಿದ್ದಕ್ಕಾ ಅಂತಾಳೆ, ಒಬ್ಬಳು ಫೋನ್ ಹೊಟ್ಟೆ ಮೇಲಿಟ್ಕೊಂಡು ಮಲಗಿದ್ದಕ್ಕಾ ಅಂತಾಳೆ. ನಾನೇನು ತಿಂದೆ, ನಾನೇನು ಮಾಡಿದೆ ಅಂತ ಇವತ್ತಿನ ತನಕ ಒಬ್ಬ ಗಂಡಸೂ ಬಂದು ಕೇಳಿಲ್ಲ." ಅವರು ಬೆನ್ನನ್ನು ಕುರ್ಚಿಗೆ ಒರಗಿಸಿದರು. "ಸೂಜಿ ಟೆಸ್ಟ್ ಗುರುವಾರಕ್ಕೆ ಜಾಗ ಇಟ್ಟಿದೀನಿ. ಮಾಡಿಸಿದ್ರೂ ಸರಿ, ಬಿಟ್ಟು ಸ್ಕ್ಯಾನಲ್ಲಿ ನೋಡ್ತಾ ಹೋದ್ರೂ ಸರಿ. ಇದರಲ್ಲಿ ತಪ್ಪು ಉತ್ತರ ಅಂತ ಇಲ್ಲ."

ತಪ್ಪು ಉತ್ತರವಿಲ್ಲದ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆಯೇ ಎಂದು ಅವಳಿಗೆ ರೇಗಿತು. ಅಷ್ಟರಲ್ಲಿ ಗಂಡ ತಣ್ಣನೆಯ ನೀರು ಹಿಡಿದು ಬಂದ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಡಾಕ್ಟರು ಅವನಿಗೂ ಗುರುವಾರದ ವಿಷಯ ಹೇಳುವಷ್ಟರಲ್ಲಿ ಪೂರ್ತಿ ಕುಡಿದಳು.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದರು. ಗಂಡ ಬಟ್ಟೆ ಬದಲಿಸಲು ಹೋದ. ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

"ಏನಂದ್ರು?" ಎಂದರು ಅತ್ತೆ, ಬಟಾಣಿಯ ಕಡೆಯೇ ನೋಡುತ್ತ.

"ಸೋಂಕೇನೂ ಇಲ್ವಂತೆ."

"ಮತ್ತೆ ಯಾಕೆ ಬಂತಂತೆ?"

"ಗೊತ್ತಿಲ್ವಂತೆ."

ಅತ್ತೆಯ ಕೈ ನಿಂತಿತು. "ನನಗೆ ಗೊತ್ತು," ಎಂದರು. ಜಿಪ್ಪಿನೊಳಗಿನದು ಸಿಕ್ಕೇಬಿಟ್ಟಿದೆ ಎಂದುಕೊಂಡಳು ಅವಳು. "ನಾನೇ ಕಣೇ ಮಾಡಿದ್ದು. ಆ ಮಾತ್ರೆ ದಿನಕ್ಕೆ ಒಂದು ಅಂದಿದ್ರು. ನಾನು ಇನ್ನೊಂದನ್ನ ಪುಡಿ ಮಾಡಿ ಹಾಲಿಗೆ ಹಾಕ್ತಿದ್ದೆ. ನಿನ್ನ ಗಂಡನ್ನ ಹೆತ್ತ ಮೇಲೆ ನನ್ನ ಹಲ್ಲೆಲ್ಲ ಪುಡಿಪುಡಿ ಆಯ್ತು, ಸೊಂಟ ಹೋಯ್ತು. ನಿನಗೆ ಹಾಗಾಗಬಾರದು ಅಂತ... ಆ ಚುಕ್ಕೆ ಕ್ಯಾಲ್ಸಿಯಮ್ಮಿಂದು ಅಂತ ಇವನು ಬಂದು ಹೇಳಿದಾಗ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಆ ಡಬ್ಬಿನ ಅವತ್ತೇ ಕಸಕ್ಕೆ ಹಾಕಿದೆ. ನಿನ್ನ ಮುಖ ನೋಡೋಕೆ ಧೈರ್ಯ ಇಲ್ಲ ನನಗೆ."

ಒಂದೇ ಛಾವಣಿಯ ಕೆಳಗೆ, ಒಂದೇ ಮೇಜಿನ ಎರಡು ಬದಿಯಲ್ಲಿ, ಇಬ್ಬರೂ ವಾರವಿಡೀ ಒಂದೇ ತಪ್ಪನ್ನು ಬಚ್ಚಿಟ್ಟುಕೊಂಡು ಊಟ ಮಾಡಿದ್ದರು. ಅವಳಿಗೆ ಹೊಟ್ಟೆಯ ಆಳದಿಂದ ನಗು ಉಕ್ಕಿ ಬಂತು. ತಡೆಯಲಾಗಲಿಲ್ಲ.

"ನಗ್ತೀಯಲ್ಲೇ!"

"ಅತ್ತೆ, ತಿಂದದ್ದು ಅಲ್ಲಿ ಹೋಗಿ ಕೂರಲ್ವಂತೆ. ಡಾಕ್ಟ್ರನ್ನೇ ಕೇಳಿದೆ."

"ಮಾತ್ರೆ ವಿಷಯ ನಿನಗೆ ಗೊತ್ತೇ ಇರಲಿಲ್ವಲ್ಲ, ಏನಂತ ಕೇಳಿದೆ?"

ಅವಳು ಒಂದು ಕಾಯಿಯನ್ನು ಬಿಡಿಸಿ, ಕಾಳುಗಳನ್ನು ಪಾತ್ರೆಗೆ ಜಾರಿಸಿದಳು. "ನಾನು ಚಾಕ್‌ಪೀಸ್ ತಿಂತಿದ್ದೆ."

ಅತ್ತೆ ಅವಳನ್ನು ವಾರದ ಮೇಲೆ ಮೊದಲ ಸಲ ಕಣ್ಣಿಟ್ಟು ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಷ್ಟೇನಾ? ಇವನು ಹೊಟ್ಟೇಲಿದ್ದಾಗ ಆ ಹಳೇ ಮನೆ ಹಿಂದಿನ ಗೋಡೆ ಕೆರೆದು ಕೆರೆದು ತಿಂದಿದ್ದೆ. ನಿಮ್ಮ ಮಾವ ಇಲಿ ಕಾಟ ಅಂತ ಬೋನು ತಂದಿಟ್ರು."

"ಇಲಿ ಸಿಕ್ತಾ?"

"ಎಲ್ಲಿ ಸಿಗುತ್ತೆ? ಇಲಿ ಮಂಚದ ಮೇಲೆ ಮಲಗಿತ್ತು."

ಇಬ್ಬರೂ ನಕ್ಕರು. ಅತ್ತೆ ನಗುತ್ತಲೇ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಯಾರಿಗೂ ಹೇಳ್ಬೇಡ ಮತ್ತೆ. ವಿಶ್ವಕೋಶಕ್ಕಂತೂ ಹೇಳಲೇಬೇಡ, ನನ್ನ ಮೇಲೇ ಒಂದು ಅಧ್ಯಾಯ ಬರೀತಾಳೆ," ಎಂದರು.

"ಮಾತ್ರೆ ತರಿಸಿ ಅತ್ತೆ. ದಿನಕ್ಕೆ ಒಂದೇ."

"ಒಂದೇ ಕಣಮ್ಮಾ. ನನ್ನಾಣೆ."

ಹೆಸರು ಹೇಳಿದ್ದು ಕೇಳಿಸಿತೇನೋ ಎಂಬಂತೆ ಹೊರಗೆ ಫೋನ್ ಹೊಡೆದುಕೊಂಡಿತು. ನಾದಿನಿಯ ದನಿ ಕೋಣೆಯಿಂದ ಕೋಣೆಗೆ ಗಂಡನ ಕೈಯಲ್ಲಿ ನಡೆದು ಬಂತು. "ಅಣ್ಣಾ, ಗುರುವಾರ ತಪ್ಪಿಸಬೇಡಿ. ಬೇಕಾದ್ರೆ ನಾನೂ ಬರ್ತೀನಿ. ಅತ್ತಿಗೆ ಏನಂತಾರೆ?" ಗಂಡ ಹೊಸ್ತಿಲಲ್ಲಿ ನಿಂತು ಫೋನನ್ನು ಅವಳ ಕಡೆ ಚಾಚಿದ. ಅತ್ತೆ ನಗು ನಿಲ್ಲಿಸಿ ಅವಳನ್ನು ನೋಡಿದರು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ನೋಡೋಣ," ಎಂದಳು.

"ನೋಡೋಣ ಅಂತೆ," ಎಂದ ಗಂಡ ಫೋನಿಗೆ. ಅಷ್ಟು ಹತ್ತಿರದಿಂದ ಹೇಳಿದ್ದು ತಂಗಿಗೆ ಕೇಳಿಸಲಿಲ್ಲವೆಂಬಂತೆ. ಆಮೇಲೆ ಮಾತಾಡುತ್ತಲೇ ಹೊರಗೆ ಹೋದ. ಅತ್ತೆ ಒಲೆ ಹಚ್ಚಲು ಎದ್ದರು.

ಅವಳು ಉಳಿದ ಕಾಯಿಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಯಾಸ ಮೂಳೆಯವರೆಗೂ ಇಳಿದಿತ್ತು. ಆದರೂ ವಾರದಿಂದ ತಲೆಯೊಳಗೆ ಗಿರಕಿ ಹೊಡೆಯುತ್ತಿದ್ದುದು ನಿಂತಿತ್ತು. ಗದ್ದಲ ನಿಂತ ಮೇಲೆ ಅಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಸೂಜಿ ಹಾಕಿಸಿ ಏನೂ ದೋಷವಿಲ್ಲ ಎಂದು ಬಂದರೆ? ಹೆರುತ್ತೇನೆ. ಚುಕ್ಕೆಗಳು ಆಗಲೂ ಇರುತ್ತವೆ, ಡಾಕ್ಟರು ಆಗಲೂ ನೋಡುತ್ತಲೇ ಇರುತ್ತಾರೆ. ದೋಷವಿದೆ ಎಂದು ಬಂದರೆ? ಇಲ್ಲಿ ಅವಳು ನಿಂತಳು. ಅವಸರ ಮಾಡಲಿಲ್ಲ. ಕಲಿಯಲು ತಡಮಾಡುವ ಮಕ್ಕಳು, ನಡೆಯಲು ತಡಮಾಡಿದ ಮಕ್ಕಳು, ಅವಳ ತರಗತಿಯಲ್ಲಿ ಕೂತು ಎದ್ದು ಹೋದವರು ಒಬ್ಬೊಬ್ಬರಾಗಿ ನೆನಪಾದರು. ಅವರನ್ನು ಗೇಟಿನವರೆಗೆ ಕೈಹಿಡಿದು ಕರೆತರುತ್ತಿದ್ದ ತಾಯಂದಿರ ಮುಖಗಳೂ ನೆನಪಾದವು. ಆ ಮುಖಗಳ ದಣಿವು ಸುಳ್ಳಲ್ಲ. ಇನ್ನೂ ಕೆಟ್ಟದ್ದು ಇರಬಹುದು, ಹುಟ್ಟಿದ ಮೇಲೆ ಉಳಿಯದೆಯೂ ಇರಬಹುದು. ತನಗೆ ಅಷ್ಟು ತ್ರಾಣವಿದೆಯೋ ಇಲ್ಲವೋ ಗೊತ್ತಿಲ್ಲ. ಆದರೂ, ಹೆರುತ್ತೇನೆ. ಎರಡು ಉತ್ತರಕ್ಕೂ ಮಾಡುವುದು ಅದನ್ನೇ ಎಂದಾದರೆ, ಇಷ್ಟು ವರ್ಷ ಕಾದು ಬಂದ ಜೀವದ ಪಕ್ಕದಲ್ಲಿ ಸೂಜಿ ಇಳಿಸುವುದು ಯಾರಿಗಾಗಿ? ತಾನು ನಿರಪರಾಧಿ ಎಂದು ಬರೆಸಿಕೊಳ್ಳಲು ಅದು ಬೇಕಿತ್ತು. ಈಗ ಬೇಕಿಲ್ಲ.

ಇದೇನೂ ಧೈರ್ಯವಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇರೆಯವಳು ಇದೇ ಕುರ್ಚಿಯಲ್ಲಿ ಕೂತು ಹಾಕಿಸಿಕೊಳ್ಳುತ್ತೇನೆ ಎಂದಿದ್ದರೆ ಅದೂ ಸರಿಯೇ.

ಗುರುವಾರ ಹೋಗುವುದು. ಡಾಕ್ಟರ ಎದುರಿಗೆ ಕೂತು, ಸೂಜಿ ಬೇಡ, ನೋಡುತ್ತಾ ಹೋಗೋಣ ಎನ್ನುವುದು. ಅಲ್ಲಿಯತನಕ ಇದನ್ನು ಯಾರ ಮುಂದೂ ಇಡುವುದಿಲ್ಲ. ಇಟ್ಟರೆ ಒಬ್ಬಳು ಓದಿ ಬಂದು ತಿದ್ದುತ್ತಾಳೆ, ಒಬ್ಬರು ಕಣ್ಣೊರೆಸಿಕೊಳ್ಳುತ್ತಾರೆ, ಒಬ್ಬ ನಿನ್ನಿಷ್ಟ ಎನ್ನುತ್ತಾನೆ. ಈ ಬಸಿರಿನಲ್ಲಿ ಎಲ್ಲರಿಗೂ ಒಂದೊಂದು ಪಾಲು ಹೋಗಿದೆ. ಇಷ್ಟು ಮಾತ್ರ ಎರಡು ದಿನ ತನ್ನೊಬ್ಬಳದಾಗಿರಲಿ.

ಗಂಡ ಫೋನ್ ಮುಗಿಸಿ ಬಂದು ಬಾಗಿಲಿಗೆ ಒರಗಿದ. "ಗುರುವಾರಕ್ಕೆ ನಾನು ರಜೆ ಹಾಕ್ಲಾ? ನಿನ್ನಿಷ್ಟ."

"ಹಾಕಿ," ಎಂದಳು. ಸುಲಿದ ಸಿಪ್ಪೆಗಳನ್ನು ಎರಡೂ ಕೈಯಲ್ಲಿ ಬಾಚಿ, ಮೇಜು ಹಿಡಿದುಕೊಂಡು ಎದ್ದಳು.